ಕದ್ರಾ ಕಣಿವೆಯ ಹೇರುದಾರಿ

ಕುದುರೆಯ ಬೆನ್ನೇರಿ, ಡೇರೆ-ದಿನಸಿಗಳನ್ನು ಮತ್ತೊಂದು ಕುದುರೆಯ ಮೇಲೆ ಹೇರಿ, ಮರುಭೂಮಿಯ ಕೆಂಗಲ್ಲಿನ ಕಮರಿಗಳಲ್ಲಿ ದಿನಗಟ್ಟಲೆ ಅಲೆಯುವ ವಿಹಾರವೊಂದು ಅಮೆರಿಕದ ಯೂಟಾ, ಅರಿಜೋನಾ ಸೀಮೆಗಳಲ್ಲಿದೆ. ಚಲನಚಿತ್ರಗಳಲ್ಲಿ ಅದನ್ನು ಕಂಡವರಿಗೆ ನಮ್ಮಲ್ಲಿ ಅಂಥದೇನೂ ಇಲ್ಲವೆಂಬ ಕೊರಗಿರಬಹುದು. ಕನ್ನಡನಾಡಿನಲ್ಲಿ ಮರುಭೂಮಿಯಿಲ್ಲ, ನಿಜ. ಆದರೆ ಕಮರಿ ಉಂಟು. ಹೇರು ಹೊತ್ತ ಪ್ರಾಣಿಗಳು ತಲೆತಲಾಂತರದಿಂದ ನಡೆದ ದಾರಿಯೂ ಉಂಟು. ಉಂಟು ಎನ್ನುವುದಕ್ಕಿಂತ ಇತ್ತು ಎನ್ನುವುದೇ ಸರಿ. ಕಾರವಾರ ತಾಲೂಕಿನ ಕದ್ರಾದಿಂದ ಅದು ಘಟ್ಟದ ಕಡೆಗೆ ಹೊರಡುತ್ತಿತ್ತು.

ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳೀನದಿಯು ಸಹ್ಯಾದ್ರಿಯನ್ನು ಸೀಳಿಕೊಂಡು ಇಳಿದು, 184 ಕಿಲೋಮೀಟರು ಕ್ರಮಿಸಿ, ಸದಾಶಿವಗಡದ ಬುಡದಲ್ಲಿ ಕಡಲನ್ನು ಸೇರುತ್ತದೆ. ಕಡಲಿನಿಂದ ಕದ್ರಾದವರೆಗೆ ಹೊಳೆ ದೋಣಿಗಳಿಗೆ ದಾರಿ ಕೊಡುತ್ತಿತ್ತು. ಅಲ್ಲಿಂದ ಮೇಲೆ ಬಂಡೆ, ಮಡು, ದಟ್ಟಡವಿ. ಆದ್ದರಿಂದ ದೋಣಿಯ ಸರಕು ಇಲ್ಲಿ ಎತ್ತಿನ ಬೆನ್ನಿಗೇರುತ್ತಿತ್ತು. ಉಪ್ಪು ಮೇಲಕ್ಕೆ, ಧಾನ್ಯ ಕೆಳಕ್ಕೆ. ಭಟ್ಕಳದಲ್ಲಿ ಹಡಗಿನಿಂದಿಳಿದ ಅರಬ್ಬೀ ಕುದುರೆಗಳು ವಿಜಯನಗರದ ಲಾಯಗಳನ್ನು ಸೇರಿದುವೆಂಬುದನ್ನು ಚರಿತ್ರೆ ಹೇಳುತ್ತದೆ. ಆದರೆ ಘಟ್ಟದ ಹೇರಿನ ಕೆಲಸವೆಲ್ಲ ಎತ್ತಿನದೇ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ತನ್ನ ಪರಿವಾರದೊಡನೆ ಕರಾವಳಿಯನ್ನು ಬಿಟ್ಟು ಯಲ್ಲಾಪುರದತ್ತ ಏರಿದ್ದು ಈ ಕಣಿವೆಯ ಮೂಲಕವೇ.

ಮಾಘಮಾಸದಲ್ಲಿ ನಾವು ಮೂವರು ಮಿತ್ರರು ಈ ದಾರಿಯನ್ನು ತಲೆಕೆಳಗಾಗಿ, ಅಂದರೆ ಘಟ್ಟದಿಂದ ಕದ್ರಾಕ್ಕೆ, ನಡೆದು ನೋಡಲು ಹೊರಟೆವು. ಹೇರೆತ್ತು ಎಲ್ಲಿಯೂ ಸಿಗದಾದುದರಿಂದ ನಮ್ಮ ಬೆನ್ನುಗಳೇ ಆ ಸೇವೆಗೆ ನಿಂತುವು. ಯಲ್ಲಾಪುರದಿಂದ ಬಂದು ಬಾರೆಯಲ್ಲಿ ಬಸ್ಸಿಳಿದು ಘಟ್ಟವಿಳಿಯತೊಡಗಿದೆವು. ಒಮ್ಮೆ ಮಂಗಟ್ಟೆ ಹಕ್ಕಿಯ ಜೋಡಿಯೊಂದು ರೆಕ್ಕೆಯಿಂದ ಬಿರುಗಾಳಿಯ ಸದ್ದೆಬ್ಬಿಸುತ್ತ ನೆತ್ತಿಯ ಮೇಲೆ ಹಾದುಹೋಯಿತು.

ಅಪ್ಪಣೆಯಿಲ್ಲದೆ ಅಡವಿಯಲ್ಲಿ ಬೀಡುಬಿಡುವಂತಿಲ್ಲ. ರಸ್ತೆಯಿಂದ ತುಸು ಒಳಗಿದ್ದ ಅಡಿಕೆ ತೋಟದ ಮನೆಯೊಂದರ ಅಂಗಳವನ್ನು ಕೇಳಿ ಪಡೆದು ಡೇರೆ ಹೊಡೆದೆವು. ಮನೆಯ ಯಜಮಾನರಿಗೆ ಎಂಬತ್ತರ ಹತ್ತಿರ. ಡೇರೆಯನ್ನು ಕಂಡು ಅವರಿಗೆ ನಗು. ಒಳಗೆ ಜಗಲಿ ಇರುವಾಗ ಬಟ್ಟೆಯ ಗೂಡಿನಲ್ಲಿ ಮಲಗುವುದೇಕೆಂದು. ಕುಚ್ಚಲಕ್ಕಿ ಗಂಜಿ, ಅಪ್ಪೆಮಿಡಿಯ ಉಪ್ಪಿನಕಾಯಿ, ಮಜ್ಜಿಗೆ. ಆ ಮಿಡಿಯ ಪರಿಮಳಕ್ಕೆ ಪಟ್ಟಣದ ಯಾವ ಭಕ್ಷ್ಯವೂ ಸಾಟಿಯಿಲ್ಲ.

ಊಟವಾದ ಮೇಲೆ ಅವರು ಒಳಗಿನಿಂದ ಹಿತ್ತಾಳೆಯ ದೊಡ್ಡ ಗಂಟೆಯೊಂದನ್ನು ತಂದರು.

"ಅಜ್ಜನ ಕಾಲದ್ದು, ಮಾಸ್ತರೇ. ಮುಂದಿನ ಎತ್ತಿಗೆ ಮಾತ್ರ ಇದು. ದಾರಿ ಸಪೂರ. ಎದುರಿಂದ ಇನ್ನೊಂದು ಹಿಂಡು ಬಂದರೆ ತಿರುಗಲಿಕ್ಕೆ ಜಾಗ ಇಲ್ಲ. ಗಂಟೆ ಕೇಳಿದವರು ಅಗಲ ಇದ್ದಲ್ಲಿ ನಿಂತು ದಾರಿ ಬಿಡಬೇಕು."

"ಆ ದಾರಿ ಈಗ ಎಲ್ಲಿದೆ, ರಾಯರೇ?"

"ಕೆಳಗಿನದು ನೀರಿನಡಿಗೆ. ನಮ್ಮ ಗದ್ದೆಯೂ ಅಲ್ಲೇ."

ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಸಾಲಾಗಿ ಅಣೆಕಟ್ಟುಗಳು. ಕದ್ರಾದ ಮೂರು ಯಂತ್ರಗಳಿಂದ 150 ಮೆಗಾವಾಟ್ ವಿದ್ಯುತ್ತು. ಅದರ ಹಿನ್ನೀರಿನಿಂದಲೇ ಕೈಗಾ ಅಣುಸ್ಥಾವರಕ್ಕೆ ತಂಪು. ಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಇಲ್ಲಿಂದ ಲೋಕಸಭೆಗೆ ನಿಂತು ಸೋತರು. 2000ದಲ್ಲಿ ಅದು ವಾಣಿಜ್ಯ ಪ್ರಮಾಣದಲ್ಲಿ ವಿದ್ಯುತ್ತು ಕೊಡತೊಡಗಿತು. ದೀಪದಡಿಯಲ್ಲಿ ಕುಳಿತು ಇದನ್ನು ಬರೆಯುತ್ತಿರುವ ನಾನು ವಿದ್ಯುತ್ತು ಬೇಡವೆನ್ನುವಷ್ಟು ಭಂಡನಲ್ಲ. ಆದರೆ ಅಮೆರಿಕದಲ್ಲಿ 1963ರಲ್ಲಿ ಅಣೆಕಟ್ಟಿನ ಬಾಗಿಲು ಮುಚ್ಚಿ ಗ್ಲೆನ್ ಕಮರಿಯನ್ನು ಮುಳುಗಿಸಿದಾಗ ಅದಕ್ಕಾಗಿ ಮರುಗಿ ಗ್ರಂಥಗಳನ್ನೇ ಬರೆದವರಿದ್ದಾರೆ. ನಮ್ಮ ಹೇರುದಾರಿಯ ನೆನಪಿಗೆ ಆ ಅಂಗಳದಲ್ಲಿ ಇದ್ದುದು ಒಂದು ಗಂಟೆ ಮಾತ್ರ.

ಅಣೆಕಟ್ಟಿನ ಕೆಳಗಿನವರ ಪಾಡು ಬೇರೆ. 2019ರಲ್ಲಿಯೂ 2021ರಲ್ಲಿಯೂ ಮಳೆಗಾಲದಲ್ಲಿ ಕದ್ರಾದ ಬಾಗಿಲುಗಳನ್ನು ತೆರೆದಾಗ ಹೊಳೆಬದಿಯ ಊರುಗಳಿಗೆ ನೀರು ನುಗ್ಗಿತು. ಅಲ್ಲಿ ದಾರಿ ಬಿಡಿರೆಂದು ಎಚ್ಚರಿಸುವುದು ಈಗ ಸೈರನ್ನು.

ಬೆಳಿಗ್ಗೆ ಹೊರಡುವಾಗ ಯಜಮಾನರು ಒಂದು ಕೆಲಸ ಹೇಳಿದರು. ಕೈಗಾ ದಾಟಿ ಕದ್ರಾದತ್ತ ಹೋಗುವಾಗ, ಬಲಕ್ಕೆ ಹಿನ್ನೀರು ರಸ್ತೆಯ ಸಮೀಪಕ್ಕೆ ಬರುವಲ್ಲಿ, ಅವರ ಹಳೆಯ ಮನೆಯ ಅಪ್ಪೆಮಾವು ದಿಬ್ಬದ ಮೇಲೆ ಉಳಿದುಕೊಂಡಿತ್ತಂತೆ. ಮೊಣಕಾಲು ನೋವಿನಿಂದ ಅವರು ಅತ್ತ ಹೋಗದೆ ಆರು ವರ್ಷ. ಮರ ಇದೆಯೋ, ಹೂವಾಗಿದೆಯೋ ನೋಡಿ ತಿಳಿಸಬೇಕು.

ಸ್ಥಾವರದ ಬಳಿ ಎಲ್ಲಿಯೂ ನಿಲ್ಲದೆ ನಡೆದೆವು. ಮಧ್ಯಾಹ್ನದ ಹೊತ್ತಿಗೆ ಅವರು ಹೇಳಿದ ತಿರುವು ಸಿಕ್ಕಿತು. ಹಸಿರು ಬೆಟ್ಟಗಳನ್ನು ತಲೆಕೆಳಗಾಗಿ ಹಿಡಿದುಕೊಂಡು ನೀರು ಅಲುಗಾಡದೆ ನಿಂತಿತ್ತು. ಅಂಚಿನಲ್ಲಿ ಒಂದಲ್ಲ, ಮೂರು ಮಾವಿನ ಮರಗಳು. ಒಂದರ ಬೇರು ಅರ್ಧ ತೊಳೆದುಹೋಗಿತ್ತು. ಯಾವುದು ಅವರದೆಂದು ಕೇಳಲು ಸುತ್ತ ನರಪಿಳ್ಳೆಯಿರಲಿಲ್ಲ. ಅಲ್ಲಿಂದ ಕದ್ರಾಕ್ಕೆ ನಡೆದು, ಕಾರವಾರದ ಬಸ್ಸು ಹತ್ತಿದೆವು. ಮೂರೂ ಹೂ ಬಿಟ್ಟಿವೆಯೆಂದು ಆ ರಾತ್ರಿಯೇ ಅವರಿಗೆ ಕಾಗದ ಬರೆದೆನು.