ಗಾಜಿನ ಮನೆ ಮತ್ತು ಮನೆಯ ಗಾಜು

ಮನೆ ಕಟ್ಟಿಸುವವರು ಮರದ ವಿಷಯದಲ್ಲಿ ಹತ್ತು ಮಂದಿಯನ್ನು ವಿಚಾರಿಸುವರು. ನೀರಿನ ವಿಷಯದಲ್ಲಿ ಇಪ್ಪತ್ತು ಮಂದಿಯನ್ನು ವಿಚಾರಿಸುವರು. ಗಾಜಿನ ವಿಷಯವನ್ನು ಮಾತ್ರ ಬಡಗಿಗೋ ಅಂಗಡಿಯವನಿಗೋ ಒಪ್ಪಿಸಿ ಸುಮ್ಮನಾಗುವರು. ಗಾಜೆಂದರೆ ಎಲ್ಲವೂ ಒಂದೇ ಎಂಬ ಭಾವನೆಯೇ ಇದಕ್ಕೆ ಕಾರಣ. ಈಚೆಗೆ ಬೆಂಗಳೂರು ಮೈಸೂರುಗಳಲ್ಲಿ ನಾಲ್ಕು ದಿನ ಸಂಚರಿಸುವ ಅವಕಾಶವು ನನಗೆ ಒದಗಿತು. ಆಗ ಕಂಡ ಕೆಲವು ಸಂಗತಿಗಳು ಹೊಸ ಮನೆಯ ಯೋಚನೆಯಲ್ಲಿರುವ ಗೃಹಸ್ಥರಿಗೂ ಗೃಹಿಣಿಯರಿಗೂ ಉಪಯೋಗವಾದಾವೆಂದು ಇಲ್ಲಿ ನಿವೇದಿಸುತ್ತೇನೆ.

ಮೊದಲು ಲಾಲ್‌ಬಾಗಿಗೆ ಹೋದೆನು. ಅಲ್ಲಿಯ ಗಾಜಿನ ಮನೆಗೆ 1889ರಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರನು ಅಸ್ತಿಭಾರವನ್ನಿಟ್ಟನು. 1851ರಲ್ಲಿ ಲಂಡನ್ನಿನಲ್ಲಿ ತಲೆಯೆತ್ತಿ 1936ರಲ್ಲಿ ಅಗ್ನಿಗೆ ಆಹುತಿಯಾದ ಕ್ರಿಸ್ಟಲ್ ಪ್ಯಾಲೆಸ್ ಎಂಬ ಕಟ್ಟಡವೇ ಇದಕ್ಕೆ ಮಾದರಿ. ವಾಸ್ತವವಾಗಿ ಗಾಜಿನ ಮನೆಯೆಂಬುದು ಶೀತದೇಶದವರ ಕಲ್ಪನೆ. ಬಿಸಿಲು ಗಾಜನ್ನು ಸುಲಭವಾಗಿ ದಾಟಿ ಒಳಬರುವುದು. ಅದರಿಂದ ಕಾದ ನೆಲಗೋಡೆಗಳು ಹೊರಸೂಸುವ ಶಾಖವನ್ನಾದರೋ ಗಾಜು ಹೊರಕ್ಕೆ ಬಿಡದು. ಬಿಸಿಗಾಳಿಯೂ ಒಳಗೇ ಸೆರೆಯಾಗುವುದು. ಹಿಮ ಬೀಳುವ ನಾಡಿನಲ್ಲಿ ಗಿಡಗಳನ್ನು ಬದುಕಿಸುವ ಈ ಗುಣವೇ ನಮ್ಮ ನಾಡಿನಲ್ಲಿ ಮನುಷ್ಯರನ್ನು ಬೇಯಿಸುವುದು. ಲಾಲ್‌ಬಾಗಿನ ಮನೆಯು ಬಹಳ ಎತ್ತರವಾಗಿ, ಗಾಳಿಯಾಡಲು ತೆರವುಳ್ಳದ್ದಾಗಿ ಇರುವುದರಿಂದ ಅಲ್ಲಿ ನಿಂತು ಹೂಗಳನ್ನು ನೋಡಬಹುದು.

ಅದೇ ಊರಿನಲ್ಲಿ ನಮ್ಮ ಬಂಧುಗಳೊಬ್ಬರ ಹೊಸ ಮನೆಯಿದೆ. ಪಡುವಣ ಗೋಡೆಯು ನೆಲದಿಂದ ಸೂರಿನವರೆಗೆ ಗಾಜೇ ಆಗಿದೆ. ಮಧ್ಯಾಹ್ನ ಮೂರು ಗಂಟೆಯಾಯಿತೆಂದರೆ ದಪ್ಪ ಪರದೆಯನ್ನೆಳೆದು, ಹಾಡುಹಗಲಲ್ಲಿ ದೀಪ ಹಚ್ಚಿ, ತಂಪಿನ ಯಂತ್ರವನ್ನು ನಡೆಸುವರು. ಬೆಳಕಿಗೆಂದು ತೆತ್ತ ಹಣವು ಕತ್ತಲೆಗೆ ಸಂದಿತು! ಇಂತಹ ಕಡೆ ಶಾಖವನ್ನು ಹಿಂದಿರುಗಿಸುವ ತೆಳ್ಳನೆಯ ಲೋಹದ ಲೇಪವುಳ್ಳ ಗಾಜು ಈಗ ದೊರೆಯುವುದು. ನಡುವೆ ಒಣಗಾಳಿಯನ್ನು ಮುಚ್ಚಿಟ್ಟ ಜೋಡಿ ಗಾಜೂ ದೊರೆಯುವುದು. ಎರಡಕ್ಕೂ ಬೆಲೆ ಹೆಚ್ಚು. ಪಡುವಣಕ್ಕೆ ಕಿಟಕಿಯನ್ನು ಕಿರಿದಾಗಿಸಿ, ಹೊರಗೆ ಒಂದು ಜಗಲಿಯನ್ನೋ ಮರವನ್ನೋ ಇಟ್ಟುಕೊಂಡರೆ ಸಾಮಾನ್ಯ ಗಾಜೇ ಸಾಕಾದೀತು. ಬಿಸಿಲನ್ನು ಗಾಜಿಗೆ ತಾಗುವ ಮೊದಲೇ ತಡೆಯುವುದು ಉತ್ತಮ. ಒಳಗಿನ ಪರದೆ ಮಧ್ಯಮ.

ಅಲ್ಲಿಂದ ಮೈಸೂರು. ಹಳೆಯ ಮರದ ಅರಮನೆಯು 1897ರಲ್ಲಿ ಸುಟ್ಟುಹೋದ ಮೇಲೆ, ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ನಕ್ಷೆಯಂತೆ ಈಗಿನ ಅರಮನೆಯು ಕಟ್ಟಲ್ಪಟ್ಟು 1912ರಲ್ಲಿ ಮುಗಿಯಿತು. ಅದರ ಎಂಟು ಮೂಲೆಯ ಕಲ್ಯಾಣಮಂಟಪದಲ್ಲಿ ಕತ್ತೆತ್ತಿ ನೋಡಿದರೆ ಗ್ಲಾಸ್ಗೋ ನಗರದಿಂದ ಬಂದ ಬಣ್ಣದ ಗಾಜಿನ ಛಾವಣಿಯು ಕಾಣುವುದು, ಅದರೊಳಗೆಲ್ಲಾ ನವಿಲುಗಳು. ಉರಿಬಿಸಿಲು ಆ ಬಣ್ಣಗಳಲ್ಲಿ ಸೋಸಿ ಬೆಳದಿಂಗಳಿನಷ್ಟು ಸೌಮ್ಯವಾಗಿ ಇಳಿಯುವುದು. ಇದನ್ನು ನೋಡಿ ಬಂದವರಿಗೆ ತಮ್ಮ ಮನೆಯ ತೊಟ್ಟಿಗೂ ಗಾಜಿನ ಮುಚ್ಚಿಗೆ ಹಾಕಿಸುವ ಆಸೆ ಹುಟ್ಟುವುದು ಸಹಜವೇ. ಆದರೆ ತಲೆಯ ಮೇಲಿನ ಗಾಜಿಗೆ ಧರ್ಮವೇ ಬೇರೆ: ಅದು ಒಡೆದರೂ ಕೆಳಗೆ ಬೀಳಬಾರದು. ಎರಡು ಹಾಳೆಗಳ ನಡುವೆ ಅಂಟುಪೊರೆಯನ್ನಿಟ್ಟು ಬೆಸೆದ ಗಾಜು ಇದಕ್ಕೆ ತಕ್ಕದ್ದು. ಅಂಗಡಿಯವರು ಇದನ್ನು ಲ್ಯಾಮಿನೇಟೆಡ್ ಎನ್ನುವರು. 1903ರಲ್ಲಿ ಬೆನೆಡಿಕ್ಟಸ್ ಎಂಬ ಫ್ರೆಂಚ್ ರಸಾಯನಜ್ಞನ ಕೈಜಾರಿ ಬಿದ್ದ ಸೀಸೆಯೊಂದು ಒಡೆದರೂ ಚೆದುರಲಿಲ್ಲವಂತೆ. ಒಳಗೆ ಒಣಗಿದ್ದ ದ್ರಾವಣದ ಪೊರೆಯು ಚೂರುಗಳನ್ನು ಹಿಡಿದಿಟ್ಟುಕೊಂಡಿತ್ತು. ಈ ಗಾಜಿನ ಕಥೆ ಅಲ್ಲಿಂದ ಮೊದಲಾಯಿತೆಂದು ಪ್ರಸಿದ್ಧಿ.

ಆ ಸಂಜೆ ನನ್ನ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿ ಇಳಿದುಕೊಂಡೆನು. ಅವನ ಏಳು ವರ್ಷದ ಮಗಳು ನಮಸ್ಕರಿಸಲು ಕೈಜೋಡಿಸಿದಾಗ ಮುಂಗೈಯಿಂದ ಮೊಣಕೈವರೆಗೆ ಒಂದು ಕಲೆ ಕಂಡಿತು. ಮಗುವು ಓಡುತ್ತ ಬಂದು ಮೊಗಸಾಲೆಯ ಗಾಜಿನ ಬಾಗಿಲಿಗೆ ಕೈಯೂರಿದಾಗ ಗಾಜು ಕತ್ತಿಯಂತೆ ಸೀಳಿತಂತೆ. “ಮೇಷ್ಟ್ರೇ, ಎಂತಹ ಗಾಜು ಹಾಕುತ್ತೀರೆಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ” ಎಂದು ಅವನು ತಲೆ ತಗ್ಗಿಸಿದನು. ಈಗ ಆ ಬಾಗಿಲಿನಲ್ಲಿ ಟಫನ್ಡ್ ಎಂಬ ಗಟ್ಟಿಗಾಜು ಇದೆ. ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಎರಡು ಮೈಗಳ ಮೇಲೂ ಗಾಳಿ ಹಾಯಿಸಿ ಥಟ್ಟನೆ ತಣಿಸಿದರೆ ಹೊರಮೈ ಬಿಗಿದುಕೊಳ್ಳುವುದು. ಬಲವು ನಾಲ್ಕೈದು ಮಡಿ ಹೆಚ್ಚುವುದು. ಒಡೆದರೆ ಅದು ಕಲ್ಲುಸಕ್ಕರೆಯ ಹರಳುಗಳಂತೆ ಉದುರುವುದು, ಉದ್ದನೆಯ ಸೀಳುಗಳಾಗದು. ಒಮ್ಮೆ ಗಟ್ಟಿಮಾಡಿದ ಮೇಲೆ ಅದನ್ನು ಕೊಯ್ಯುವುದಾಗಲಿ ರಂಧ್ರ ಕೊರೆಯುವುದಾಗಲಿ ಸಾಧ್ಯವಿಲ್ಲ. ಆದುದರಿಂದ ಅಳತೆಯನ್ನು ಮೊದಲೇ ನಿಷ್ಕರ್ಷಿಸಬೇಕು. ಅಪೂರ್ವವಾಗಿ ಇದು ತಾನಾಗಿಯೇ ಸಿಡಿಯುವುದೂ ಉಂಟು. ತಲೆಯ ಮೇಲೆ ಇದೊಂದನ್ನೇ ನಂಬಬಾರದೆಂಬುದು ಅದಕ್ಕಾಗಿಯೇ.

ಗಟ್ಟಿಗಾಜಿದ್ದರೂ ಅದು ಕಣ್ಣಿಗೆ ಕಾಣಬೇಕು. ಮಯಸಭೆಯಲ್ಲಿ ದುರ್ಯೋಧನನು ಸ್ಫಟಿಕದ ಬಾಗಿಲನ್ನು ತೆರೆದ ದಾರಿಯೆಂದು ಭ್ರಮಿಸಿ ಹಣೆ ಬಡಿದುಕೊಂಡ ಪ್ರಸಂಗವನ್ನು ವಾಚಕರೆಲ್ಲರೂ ಬಲ್ಲರು. ಆ ನಗೆಯಿಂದ ಹುಟ್ಟಿದ ಹಗೆಯ ಮಾತು ಹಾಗಿರಲಿ. ಗಾಜಿನ ಬಾಗಿಲಿಗೆ ದೊಡ್ಡವರ ಕಣ್ಣಿನೆತ್ತರಕ್ಕೊಂದು, ಮಕ್ಕಳ ಕಣ್ಣಿನೆತ್ತರಕ್ಕೊಂದು ಪಟ್ಟೆಯನ್ನೋ ಹೂವನ್ನೋ ಅಂಟಿಸಿದರೆ ಆ ಪಾಡು ತಪ್ಪುವುದು.

ಬಚ್ಚಲುಮನೆಯ ಕಿಟಕಿಗೆ ಮಬ್ಬು ಗಾಜು ಸರಿ. ಅದರ ಒರಟು ಮೈಯು ನೀರು ತಾಗದ ಕಡೆಗೆ ಇರಲಿ. ಒರಟು ಮೈ ನೆನೆದರೆ ಮಬ್ಬು ಕಳೆದು ಆಚೆಯದೆಲ್ಲವೂ ತೋರುವುದು. ಸ್ನಾನಕ್ಕೆ ಗಾಜಿನ ಅಡ್ಡಗೋಡೆ ನಿಲ್ಲಿಸುವುದಾದರೆ ಅಲ್ಲಿಯೂ ಗಟ್ಟಿಗಾಜೇ ಬೇಕು, ನೆಲ ಜಾರುವುದಷ್ಟೆ.

ಇಷ್ಟನ್ನೂ ಓದಿ, ಮನೆಯೆಲ್ಲ ದುಬಾರಿ ಗಾಜೇ ಆಗಬೇಕೆಂದು ಯಾರೂ ಹೆದರಬೇಕಾಗಿಲ್ಲ. ಕೈಗೆಟುಕದ ಬೆಳಕಿಂಡಿಗೂ ಚಿಕ್ಕ ಚೌಕಟ್ಟಿನ ಕಿಟಕಿಗೂ 4 ಮಿಲಿಮೀಟರಿನ ಸಾಮಾನ್ಯ ಗಾಜು ಧಾರಾಳವಾಗಿ ಸಾಕು. ಅಲ್ಲಿ ಉಳಿದ ಹಣವನ್ನು ಬಾಗಿಲು, ಮೆಟ್ಟಿಲ ಪಕ್ಕ, ಮಂಡಿಯೆತ್ತರದ ಕಿಟಕಿ, ತೊಟ್ಟಿಯ ಮುಚ್ಚಿಗೆ ಇವುಗಳಿಗೆ ವೆಚ್ಚಮಾಡಬೇಕು. ಅಂಗಡಿಗೆ ಹೋಗುವ ಮುನ್ನ ಯಜಮಾನನೂ ಯಜಮಾನಿಯೂ ಒಂದು ಕಾಗದ ಹಿಡಿದು ಕೋಣೆಕೋಣೆಗೂ ಹೋಗಿ, ಇಲ್ಲಿ ಬಿಸಿಲೆಷ್ಟು, ಮಗು ಎಲ್ಲಿ ಓಡುವುದು, ಒಡೆದರೆ ಚೂರು ಯಾರ ಮೇಲೆ ಬೀಳುವುದು ಎಂದು ಬರೆದುಕೊಳ್ಳಲಿ. ಗಟ್ಟಿಗಾಜಿನ ಮೂಲೆಯಲ್ಲಿ ಸಾಮಾನ್ಯವಾಗಿ ತಯಾರಕರ ಮುದ್ರೆಯಿರುವುದು. ಚೌಕಟ್ಟಿಗೆ ಕೂಡಿಸುವ ಮೊದಲೇ ಅದನ್ನು ಹುಡುಕಿ ನೋಡಿಕೊಳ್ಳಲಿ.