ಆಗಲೇ ದುಡ್ಡು ಕೊಟ್ಟ ಗೋಡೆ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದವರಿಗೆಲ್ಲ ಕರಾರುಪತ್ರದ ಆ ಒಂದು ಸಾಲು ಬಾಯಿಪಾಠ: ಮನೆ ಬಿಡುವಾಗ ಪೇಂಟಿಂಗ್ ಬಾಬ್ತು ಒಂದು ತಿಂಗಳ ಬಾಡಿಗೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲಾಗುವುದು. ಗೋಡೆಗೆ ಒಂದು ಮೊಳೆ ಹೊಡೆಯದೆ, ಕ್ಯಾಲೆಂಡರನ್ನೂ ಕಿಟಕಿ ಸರಳಿಗೆ ಕಟ್ಟಿ ಕಾಪಾಡಿದರೂ ಮುರಿಯುವುದು ಮುರಿದದ್ದೇ. ಎರಡು ಮನೆಗಳಲ್ಲಿ ಹೀಗೆ ತೆತ್ತ ಮೇಲೆ ಮೂರನೆಯದರಲ್ಲಿ ನನಗೆ ಜ್ಞಾನೋದಯವಾಯಿತು. ಈ ಗೋಡೆಗೆ ನಾನು ಆಗಲೇ ದುಡ್ಡು ಕೊಟ್ಟಾಗಿದೆ!

ನೆವ ಒದಗಿಸಿದವಳು ಐದು ವರ್ಷದ ಮಗಳು. ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಲು ಹೋಗಿದ್ದೆವು. ಟಿಪ್ಪು 1784ರಲ್ಲಿ ಕಟ್ಟಿಸಿದ ಆ ಬೇಸಿಗೆ ಅರಮನೆಯ ಪಡುವಣ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗ. ಆನೆ, ಕುದುರೆ, ಸಾಲುಸಾಲು ಸಿಪಾಯಿಗಳು, ನಡುವೆ ಪಲ್ಲಕ್ಕಿಯಲ್ಲಿ ಸಿಕ್ಕಿಬಿದ್ದ ಕರ್ನಲ್ ಬೇಲಿ. ಮಗಳು ಕತ್ತೆತ್ತಿ ನೋಡಿ ಕೇಳಿದಳು: “ಅಪ್ಪಾ, ಇಷ್ಟೊಂದು ಗೀಚಿದಾರಲ್ಲ, ಇವರಮ್ಮ ಬೈಲಿಲ್ವಾ?” ಹಿಂದಿನ ವಾರವಷ್ಟೇ ನಡುಮನೆಯ ಗೋಡೆಯಿಂದ ಕ್ರೇಯಾನ್ ಉಜ್ಜಿ ತೆಗೆದಿದ್ದ ಅವರಮ್ಮ ಬೇರೆ ಕಡೆ ನೋಡಿದಳು.

ನಮ್ಮ ಸಾಗರದ ಕಡೆ ಬೈಯುವ ಪ್ರಶ್ನೆಯೇ ಇರಲಿಲ್ಲ. ಗೋಡೆಗೆ ಬರೆಯುತ್ತಿದ್ದವರೇ ಅಮ್ಮಂದಿರು. ದೀವರ ಮನೆಯಲ್ಲಿ ಮದುವೆಯೆಂದರೆ ಹಸೆಗೋಡೆಗೆ ಚಿತ್ತಾರ ಬರೆಯಲೇಬೇಕು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಅದೇ ಅಕ್ಕಿಯನ್ನು ಕರಿಕಾಗುವಷ್ಟು ಹುರಿದು ತೆಗೆದ ಕಪ್ಪು, ಗುರುಗೆಕಾಯಿಯ ಹಳದಿ. ಕುಂಚವೆಂದರೆ ಪುಂಡಿ ನಾರು. ಪಕ್ಕದ ಮನೆಯ ಅಜ್ಜಿ ಅಳತೆಪಟ್ಟಿಯಿಲ್ಲದೆ ಗೆರೆ ಎಳೆಯುವುದನ್ನು ಹೊಸಿಲ ಮೇಲೆ ಕೂತು ನೋಡುತ್ತಿದ್ದೆ. ಗೆರೆ ಮುಗಿಯುವವರೆಗೆ ಅವರೂ ಉಸಿರು ಬಿಡುತ್ತಿರಲಿಲ್ಲ, ನಾನೂ ಬಿಡುತ್ತಿರಲಿಲ್ಲ.

ನಮ್ಮ ಗೋಡೆಗೂ ಚಿತ್ರ ಬರೆಯುತ್ತೇನೆಂದಾಗ, “ಓನರ್ ನೋಡಿದ್ರೆ ಏನಂತಾರ್ರೀ?” ಎಂದಳು ಹೆಂಡತಿ. “ಬಣ್ಣ ಹೊಡೆಸ್ಕೋತಾರೆ. ಹೇಗೂ ಹೊಡೆಸೋದೇ ಅಲ್ವಾ?” ಎಂದೆ. ಮಾತು ಅಲ್ಲಿಗೆ ನಿಂತಿತು.

ಮಗಳ ಕೋಣೆಯ ಗೋಡೆಗಿದ್ದದ್ದು ಅಗ್ಗದ ಡಿಸ್ಟೆಂಪರ್. ಕೈ ಸವರಿದರೆ ಅಂಗೈಯೆಲ್ಲ ಬೆಳ್ಳಗೆ. ಇದರ ಮೇಲೆ ನೇರವಾಗಿ ಬರೆದರೆ ಚಿತ್ರ ಗೋಡೆಗೆ ಹಿಡಿಯುವುದಿಲ್ಲ, ಹುಡಿಗೆ ಹಿಡಿಯುತ್ತದೆ. ಹುಡಿ ಉದುರಿದಾಗ ಜೊತೆಗೇ ಉದುರುತ್ತದೆ. ಮೊದಲ ಭಾನುವಾರ ಪೂರ್ತಿ ಉಪ್ಪುಕಾಗದ ಉಜ್ಜುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು, ಪ್ರೈಮರ್ ಬಳಿಯುವುದರಲ್ಲೇ ಹೋಯಿತು. ಎರಡನೆಯ ಭಾನುವಾರ ನೋಟುಬುಕ್ಕಿನ ಚಿತ್ರಕ್ಕೆ ಚೌಕ ಹಾಕಿ, ಗೋಡೆಗೂ ಅಡಿಗೊಂದರಂತೆ ಚೌಕ ಹಾಕಿದೆ. ದಾರಕ್ಕೆ ಕೆಮ್ಮಣ್ಣಿನ ಪುಡಿ ಸವರಿ, ಒಂದು ತುದಿ ಹೆಂಡತಿ ಒಂದು ತುದಿ ನಾನು ಬಿಗಿಯಾಗಿ ಹಿಡಿದು, ನಡುವೆ ಮಗಳು ಮೀಟಿದರೆ ‘ಟಪ್’ ಎಂದು ಗೋಡೆಯ ಮೇಲೆ ನೇರ ಗೆರೆ. ಆ ಆಟ ಮುಗಿದದ್ದೇ ಅವಳಿಗೆ ಬೇಸರ.

ಬರೆದದ್ದು ಊರಿನ ಹಲಸಿನ ಮರ. ನಾಲ್ಕು ಲೀಟರ್ ಬಿಳಿ ಎಮಲ್ಷನ್, ಐದು ಪುಟ್ಟ ಸ್ಟೇನರ್ ಬಾಟಲಿ, ಹಳೆಯ ಐಸ್‌ಕ್ರೀಮ್ ಡಬ್ಬಿಗಳು. ಹಸಿಯಿದ್ದಾಗ ಎಳೆಹಸಿರಾಗಿ ಕಂಡದ್ದು ಒಣಗಿದಾಗ ಒಂದು ಪಟ್ಟು ಗಾಢವಾಗುತ್ತದೆಂದು ಗೊತ್ತಾಗುವಷ್ಟರಲ್ಲಿ ಒಂದು ಕೊಂಬೆಗೆ ಮಳೆಗಾಲ ಬಂದಾಗಿತ್ತು. ಆಮೇಲೆ ಪ್ರತಿ ಬಣ್ಣವನ್ನೂ ರಟ್ಟಿನ ಚೂರಿಗೆ ಬಳಿದು, ಫ್ಯಾನಿನಡಿ ಒಣಗಿಸಿ ನೋಡುವ ಬುದ್ಧಿ ಬಂತು.

ನನ್ನನ್ನು ಆಡಿಸಿದ್ದು ಹಲಸಿನಕಾಯಿ. ಮೊದಲು ಕಡುಹಸಿರಿನ ಒಂದು ಗುಂಡು. ಒಣಗಿದ ಮೇಲೆ ಅದರ ಮೇಲೆ ಓರೆಸಾಲುಗಳಲ್ಲಿ ಒತ್ತೊತ್ತಾಗಿ ನಡುಹಸಿರಿನ ಚುಕ್ಕೆ. ನಡುವೆ ದೊಡ್ಡದು, ಅಂಚಿಗೆ ಹೋದಂತೆ ಸಣ್ಣದು. ಅಷ್ಟಾದರೂ ಅದು ಮೊಡವೆ ಎದ್ದ ಮೂಟೆಯಂತಿತ್ತು. ಕೋಣೆಯ ಕಿಟಕಿ ಎಡಗಡೆಗಿದೆ. ಪ್ರತಿ ಚುಕ್ಕೆಯ ಎಡ ಮೇಲ್ದಂಡೆಗೆ ಸಾಸಿವೆಕಾಳಿನಷ್ಟು ಹಳದಿ ಇಟ್ಟುಕೊಂಡು ಹೋದೆ. ನೂರನ್ನು ದಾಟಿದ ಮೇಲೆ ಎಣಿಕೆ ಬಿಟ್ಟೆ. ಹಿಂದೆ ಸರಿದು ನೋಡಿದರೆ ಮುಳ್ಳು ಎದ್ದು ನಿಂತಿದೆ, ಕಿಟಕಿಯ ಬೆಳಕು ನಿಜವಾಗಿಯೂ ಕಾಯಿಯ ಮೇಲೆ ಬಿದ್ದಿದೆ. ಕಚೇರಿಯಲ್ಲಿ ಹದಿನೈದು ವರ್ಷ ದುಡಿದರೂ ಇಂಥ ಸಂಬಳ ಎಣಿಸಿಲ್ಲ.

ಮೇಲಿನ ಹರೆಯಲ್ಲಿ ಮಂಗಟ್ಟೆ ಹಕ್ಕಿ ಕೂರಿಸಿದೆ, ಸ್ವಿಚ್‌ಬೋರ್ಡಿನ ಪಕ್ಕ ಕೆಂಜಳಿಲು. ಈಗ ದೀಪ ಹಾಕಬೇಕಾದರೆ ಅದರ ಬಾಲದ ತುದಿ ಒತ್ತಬೇಕು. ಎಲ್ಲ ಮುಗಿದ ಮೇಲೆ ಮಗಳನ್ನು ಕರೆದೆ. ಅವಳು ಮಂಗಟ್ಟೆಯನ್ನು ನೋಡಲಿಲ್ಲ, ನನ್ನ ಹಲಸಿನಕಾಯಿಯನ್ನೂ ನೋಡಲಿಲ್ಲ. ನೆಲಕ್ಕೆ ಕೂತು, ಬುಡದಲ್ಲಿ ಉಳಿದ ಕೆಂಪು ಬಣ್ಣ ದಂಡವಾಗದಿರಲೆಂದು ಬರೆದಿದ್ದ ಚಗಳಿ ಇರುವೆಗಳನ್ನು ಎಣಿಸತೊಡಗಿದಳು. ಹದಿನೇಳು. ಅವಳ ಕಣ್ಣು ಇರುವುದು ನೆಲದಿಂದ ಮೂರಡಿಗೆ; ನಾನು ಮೂರು ಭಾನುವಾರ ಬರೆದದ್ದು ನನ್ನ ಕಣ್ಣಿನ ಎತ್ತರಕ್ಕೆ! ಮರುದಿನದಿಂದ ನಾನೂ ನೆಲಕ್ಕೆ ಕೂತೆ. ಬುಡದಲ್ಲಿ ಬಸವನಹುಳ, ಅಣಬೆ, ಬಿದ್ದ ಎಲೆಯಡಿ ಅವಿತ ಕಪ್ಪೆ ಬಂದವು. ಹದಿನೆಂಟನೆಯ ಇರುವೆಯನ್ನು ಅವಳೇ ಬರೆದಳು. ಅದು ಅಳಿಲಿಗಿಂತ ದೊಡ್ಡದಾಗಿದೆ.

ಹೋದ ತಿಂಗಳು ಓನರ್ ಬಂದಿದ್ದರು. ಬಾಗಿಲಲ್ಲೇ ನಿಂತು ಬಹಳ ಹೊತ್ತು ನೋಡಿ, “ಕರಾರು ಗೊತ್ತಲ್ಲ?” ಎಂದರು. ಗೊತ್ತು. ನಾವು ಬಿಟ್ಟ ಮೇಲೆ ಪೇಂಟರ್ ಒಬ್ಬ ಅರ್ಧ ದಿನದಲ್ಲಿ ಇದರ ಮೇಲೆ ಎರಡು ಕೋಟ್ ಬಿಳಿ ಎಳೆಯುತ್ತಾನೆ. ಊರಿನ ಹಸೆಗೋಡೆಯೂ ಹಾಗೆಯೇ. ಮುಂದಿನ ಮದುವೆಗೆ ಆ ಅಜ್ಜಿಯೇ ಅದರ ಮೇಲೆ ಕೆಮ್ಮಣ್ಣು ಬಳಿದು ಮತ್ತೆ ಮೊದಲಿನಿಂದ ಬರೆಯುತ್ತಿದ್ದರು. ಹಳೆಯದು ಹೋಯಿತೆಂದು ಅವರು ಕೊರಗಿದ್ದನ್ನು ನಾನು ಕಂಡಿಲ್ಲ.

ನಿಮ್ಮ ಮನೆಯ ಕರಾರುಪತ್ರವನ್ನೂ ಒಮ್ಮೆ ತೆಗೆದು ನೋಡಿ. ಆ ಸಾಲು ಇದ್ದರೆ ಒಂದು ಗೋಡೆಯ ದುಡ್ಡು ನಿಮ್ಮ ಕಡೆಯಿಂದ ಸಂದಾಗಿದೆ. ಉಪ್ಪುಕಾಗದ ತನ್ನಿ. ಶುರು ಮಾಡುವುದು ಮಾತ್ರ ಬುಡದಿಂದಲೇ ಇರಲಿ.