ತರಗುಪೇಟೆಯಲ್ಲಿ ನಿಂತ ಲಾರಿ

ಸ್ಟಾರ್ಟ್ ಆಗಿ, ಒಂದೆರಡು ನಿಮಿಷ ಓಡಿ, ತಾನಾಗಿ ಆಫ್ ಆಗುವ ಹಳೆಯ ಡೀಸೆಲ್ ಎಂಜಿನ್ ತನ್ನ ರೋಗದ ಅರ್ಧ ಗುಟ್ಟನ್ನು ಆಗಲೇ ಬಿಟ್ಟುಕೊಟ್ಟಿರುತ್ತದೆ. ಬ್ಯಾಟರಿಯಲ್ಲಿ ಕರೆಂಟ್ ಇದೆ, ಸೆಲ್ಫ್ ತಿರುಗುತ್ತಿದೆ, ಕಂಪ್ರೆಷನ್ ಸಾಲುತ್ತಿದೆ, ಪಂಪಿನ ಟೈಮಿಂಗ್ ತೀರಾ ಕೆಟ್ಟಿಲ್ಲ, ನಾಝಲ್‌ಗಳು ಸಿಂಪಡಿಸುತ್ತಿವೆ. ಇವುಗಳಲ್ಲಿ ಒಂದು ಪೂರ್ತಿ ಕೈಕೊಟ್ಟಿದ್ದರೂ ಎಂಜಿನ್ ಹೊತ್ತಿಕೊಳ್ಳುವುದೇ ಕಷ್ಟವಿತ್ತು. ಮೊದಲು ಸಂಶಯಪಡಬೇಕಾದದ್ದು ಟ್ಯಾಂಕಿನಿಂದ ಪಂಪಿನವರೆಗೆ ಡೀಸೆಲ್ ಬರುವ ದಾರಿಯನ್ನು.

ಇದನ್ನು ಕಣ್ಣಾರೆ ನೋಡಲು ಸಿಕ್ಕಿದ್ದು ಬೆಂಗಳೂರಿನ ಹಳೆಯ ಪೇಟೆಯಲ್ಲಿ. ಚಿಕ್ಕಪೇಟೆ ಮೆಟ್ರೋ ನಿಲ್ದಾಣದಲ್ಲಿ ಇಳಿದು ತರಗುಪೇಟೆಯ ಕಡೆ ನಡೆದರೆ ಸೀರೆ ಅಂಗಡಿಗಳ ಸಾಲು ಹಿಂದೆ ಬಿದ್ದು ಬೇಳೆ, ಮೆಣಸಿನಕಾಯಿ, ಗೋಣಿಚೀಲದ ವಾಸನೆ ಶುರುವಾಗುತ್ತದೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯ ಬೀದಿಗಳು ಎತ್ತಿನಗಾಡಿಯ ಅಳತೆಯವು. ಲಾರಿಗೆ ಅಲ್ಲಿ ಜಾಗವಿಲ್ಲ, ಆದರೂ ಲಾರಿಯಿಲ್ಲದೆ ಮಂಡಿಯಿಲ್ಲ. ದಟ್ಟಣೆಯ ಹೊತ್ತಿನಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿರುವುದರಿಂದ ಸರಕು ಇಳಿಸಿದ ಲಾರಿ ಬೆಳಕು ಹರಿಯುತ್ತಲೇ ಜಾಗ ಖಾಲಿ ಮಾಡಬೇಕು. ನಾನು ಹೋದಾಗ ಹಳೆಯ ಟಾಟಾ 1210 ಒಂದು ಖಾಲಿ ಮಾಡಲಾಗದೆ ನಿಂತಿತ್ತು. ಹೊತ್ತಿಸಿದರೆ ಹೊತ್ತಿಕೊಳ್ಳುತ್ತಿತ್ತು, ಗೇರ್ ಹಾಕುವಷ್ಟರಲ್ಲಿ ನಿಲ್ಲುತ್ತಿತ್ತು.

ಟಾಟಾ ಕಂಪನಿ 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಲಾರಿ ಕಟ್ಟಲು ತೊಡಗಿತು. 1210 ಆ ಪರಂಪರೆಯ ಗಾಡಿ. ಅದರಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ; ಸಾಲಾಗಿ ನಿಂತ ಪ್ಲಂಜರ್‌ಗಳ ಪಂಪು, ಪಕ್ಕದಲ್ಲಿ ಫೀಡ್ ಪಂಪು, ಮೇಲೆ ಜೋಡಿ ಫಿಲ್ಟರ್. ಇಂಥ ಪಂಪುಗಳಿಗೆ ಬೆಂಗಳೂರೇ ತವರು. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿದ ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜುಗಳಲ್ಲಿ ಅದು ಇಂದಿಗೂ ಮೈಕೋ ಪಂಪೇ.

ಎಂಜಿನ್ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂಬುದೇ ಮೊದಲ ಸುಳಿವು. ಹೊತ್ತಿದ ಕೆಲವೇ ಸೆಕೆಂಡಿಗೆ ನಿಂತರೆ ಸ್ಟಾಪ್ ಕೇಬಲ್ ನೋಡಬೇಕು: ಅದು ಪೂರ್ತಿ ಹಿಂದೆ ಸರಿಯದೆ ಅರ್ಧಕ್ಕೆ ಸಿಕ್ಕಿಕೊಂಡಿದ್ದರೆ ಪಂಪಿನ ರ‍್ಯಾಕ್ ಡೀಸೆಲನ್ನು ಕಡಿದೇ ಕೊಡುತ್ತದೆ. ಐಡ್ಲಿಂಗ್ ಸ್ಕ್ರೂ ಸಡಿಲವಾಗಿದ್ದರೂ ಹೀಗೇ ಆದೀತು. ಒಂದೆರಡು ನಿಮಿಷ ಓಡಿ ನಿಂತರೆ ಗಾಳಿ ಅಥವಾ ಕಟ್ಟಿದ ಫಿಲ್ಟರ್. ಹತ್ತಾರು ಕಿಲೋಮೀಟರ್ ಓಡಿ ನಿಂತು, ಸ್ವಲ್ಪ ಬಿಟ್ಟು ಮತ್ತೆ ಹೊತ್ತಿಕೊಂಡರೆ ಟ್ಯಾಂಕಿನೊಳಗಿನ ಕಸ, ಇಲ್ಲವೇ ಮುಚ್ಚಳದ ಗಾಳಿರಂಧ್ರ. ರಂಧ್ರ ಮುಚ್ಚಿದ್ದರೆ ಡೀಸೆಲ್ ಖಾಲಿಯಾದಂತೆಲ್ಲ ಟ್ಯಾಂಕಿನಲ್ಲಿ ನಿರ್ವಾತ ಬೆಳೆದು ಫೀಡ್ ಪಂಪು ಸೋಲುತ್ತದೆ. ಮುಚ್ಚಳ ಬಿಚ್ಚಿದಾಗ ಉಸ್ಸೆಂದು ಗಾಳಿ ಒಳಗೆ ಎಳೆದುಕೊಂಡರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಖರ್ಚು ಒಂದು ಪಿನ್ನು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಗಾಳಿ. ನಾಝಲ್ ತೆರೆಯಲು ನೇರ ಇಂಜೆಕ್ಷನ್‌ನ ಹಳೆಯ ಲಾರಿಗಳಲ್ಲಿ ಸುಮಾರು 200 ಬಾರ್ ಒತ್ತಡ ಬೇಕು. ಡೀಸೆಲ್ ಬಹುಮಟ್ಟಿಗೆ ಕುಗ್ಗದ ದ್ರವವಾದ್ದರಿಂದ ಪ್ಲಂಜರ್ ತಳ್ಳಿದ ಒತ್ತಡ ನೇರ ನಾಝಲ್ ಮುಟ್ಟುತ್ತದೆ. ನಡುವೆ ಗಾಳಿಗುಳ್ಳೆ ಸೇರಿದರೆ ಅದು ಸ್ಪ್ರಿಂಗಿನಂತೆ ಕುಗ್ಗಿ ಹಿಗ್ಗುತ್ತದೆಯೇ ಹೊರತು ಒತ್ತಡ ಏರುವುದಿಲ್ಲ, ನಾಝಲ್ ಬಾಯಿ ಬಿಡುವುದಿಲ್ಲ. ಪಂಪು ಮತ್ತು ಫಿಲ್ಟರ್ ಬಟ್ಟಲಿನಲ್ಲಿ ಉಳಿದಿದ್ದ ಡೀಸೆಲ್ ತೀರುವವರೆಗೆ ಎಂಜಿನ್ ಓಡುತ್ತದೆ, ಆಮೇಲೆ ನಿಲ್ಲುತ್ತದೆ. ಗಾಳಿ ನುಗ್ಗುವ ಜಾಗ ಹೊರಗಿನಿಂದ ಕಾಣದಿರುವುದೇ ತೊಡಕು. ಲಾರಿಯ ಟ್ಯಾಂಕು ಚಾಸಿಗೆ ತೂಗುಬಿದ್ದು ಪಂಪಿಗಿಂತ ಕೆಳಗಿರುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪು ಎಳೆಯುವ ಬದಿ. ಅಲ್ಲಿ ರಬ್ಬರು ಸೀಳಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕದೆ ಗಾಳಿ ಒಳಗೆ ಹೋಗುತ್ತದೆ. ನೆಲ ಒಣಗಿದೆ, ಲೀಕ್ ಇಲ್ಲ ಎಂದು ಮುಂದೆ ಹೋಗುವವರೇ ಬಹಳ.

ತರಗುಪೇಟೆಗೆ ಬಂದ ಮೆಕ್ಯಾನಿಕ್ ಮೊದಲು ಟ್ಯಾಂಕ್ ಮುಚ್ಚಳ ತೆಗೆದ, ಸ್ಟಾಪ್ ಕೇಬಲ್ ತಳ್ಳಿ ನೋಡಿದ. ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ ಫೀಡ್ ಪಂಪಿನ ಹ್ಯಾಂಡ್ ಪಂಪ್ ಒತ್ತಿದ. ನೊರೆ ನಿಲ್ಲಲೇ ಇಲ್ಲ. "ಏರ್ ಎಳೀತಿದೆ ಅಣ್ಣ, ಪಂಪ್ ಬಿಚ್ಚೋದು ಬೇಡ" ಎಂದು ಡ್ರೈವರಿಗೆ ಹೇಳಿ ಕ್ಯಾನ್ ತರಿಸಿದ. ಈ ಕ್ಯಾನ್ ಪರೀಕ್ಷೆ ಹತ್ತು ಊಹೆಗಳಿಗಿಂತ ಮೇಲು. ಶುದ್ಧ ಡೀಸೆಲ್ ತುಂಬಿದ ಕ್ಯಾನನ್ನು ಪಂಪಿಗಿಂತ ಎತ್ತರದಲ್ಲಿಟ್ಟು, ಹೊಸ ಹೋಸ್‌ನಿಂದ ನೇರ ಫೀಡ್ ಪಂಪಿಗೆ ಕೊಟ್ಟು, ಏರ್ ತೆಗೆದು ಹೊತ್ತಿಸುವುದು. ಎಂಜಿನ್ ನಿಲ್ಲದೆ ಓಡಿದರೆ ದೋಷ ಟ್ಯಾಂಕಿನ ಕಡೆ. ಆಗಲೂ ನಿಂತರೆ ಫೀಡ್ ಪಂಪಿನ ವಾಲ್ವ್, ಫಿಲ್ಟರ್, ಓವರ್‌ಫ್ಲೋ ವಾಲ್ವ್ ಅಥವಾ ಪಂಪಿನ ಕಡೆ. ಆ ಲಾರಿ ಓಡಿತು. ಹೋಸ್ ಬಗ್ಗಿಸಿ ನೋಡಿದಾಗ ಕ್ಲಾಂಪಿನ ಅಂಚಿನಲ್ಲಿ ಸೀಳು.

ಬಿಡಿಭಾಗಕ್ಕೆ ಮಾರ್ಕೆಟ್ ಸರ್ಕಲ್ ದಾಟಿ ಜೆ.ಸಿ. ರಸ್ತೆಗೆ ನಡೆದೆವು. ನಡುವೆ ಸಿಗುವ ಕಲಾಸಿಪಾಳ್ಯ ಟ್ರಾನ್ಸ್‌ಪೋರ್ಟ್ ಆಫೀಸುಗಳ, ಖಾಸಗಿ ಬಸ್ಸುಗಳ ಊರು. ಅವುಗಳನ್ನು ನಂಬಿ ಬದುಕುವ ಡೀಸೆಲ್ ಪಂಪ್ ರಿಪೇರಿಯವರೂ ಸುತ್ತಮುತ್ತ ಇದ್ದಾರೆ. ಕ್ಯಾನ್ ಪರೀಕ್ಷೆಯಲ್ಲೂ ಸೋತು, ಫಿಲ್ಟರ್ ಬದಲಿಸಿದರೂ ನಿಲ್ಲುವ, ಅದರಲ್ಲೂ ಬಿಸಿಯಾದ ಮೇಲೆ ನಿಲ್ಲುವ ಎಂಜಿನ್ನಿನ ಪಂಪು ಬರಬೇಕಾದದ್ದು ಇಲ್ಲಿಗೆ. ಬಿಸಿಗೆ ಡೀಸೆಲ್ ತೆಳುವಾಗಿ ಸವೆದ ಪ್ಲಂಜರಿನ ಸಂದಿನಲ್ಲಿ ಜಾರುತ್ತದೆ. ಟೆಸ್ಟ್ ಬೆಂಚಿನ ಮೇಲೆ ಪಂಪು ತಿರುಗಿಸಿ, ಪ್ರತಿ ಪ್ಲಂಜರ್ ಕೊಡುವ ಡೀಸೆಲನ್ನು ಗಾಜಿನ ಅಳತೆಕೊಳವೆಗಳಲ್ಲಿ ಹಿಡಿದು ಹೋಲಿಸುತ್ತಾರೆ. ರಸ್ತೆಬದಿಯಲ್ಲಿ ಅಂದಾಜಿನ ಮೇಲೆ ಪಂಪು ತಿರುಚುವುದು ಹಣ ಕಳೆಯುವ ದಾರಿ.

ಜೆ.ಸಿ. ರಸ್ತೆಯಲ್ಲಿ ಕೊಂಡದ್ದು ಹೋಸ್, ಕ್ಲಾಂಪು, ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್‌ಗಳು, ಎರಡು ಫಿಲ್ಟರ್ ಎಲಿಮೆಂಟು. ತಾಮ್ರದ ವಾಷರ್ ಒಮ್ಮೆ ಅದುಮಿದರೆ ಗಡಸಾಗುತ್ತದೆ. ಹಳೆಯದನ್ನೇ ಕೂರಿಸಿದರೆ ಅದೇ ಹೊಸ ಗಾಳಿದಾರಿ. ಫಿಲ್ಟರ್ ಬಟ್ಟಲಿನ ತಳದಲ್ಲಿ ನೀರು ಕಂಡಿದ್ದರಿಂದ ಟ್ಯಾಂಕಿನ ಡ್ರೈನ್ ಪ್ಲಗ್ ಕೂಡ ಬಿಚ್ಚಿಸಲಾಯಿತು.

ಜೋಡಿಸಿದ ಮೇಲೆ ಏರ್ ತೆಗೆಯುವುದಕ್ಕೆ ಕ್ರಮವಿದೆ: ಮೊದಲು ಫಿಲ್ಟರ್, ನಂತರ ಪಂಪು, ಆಮೇಲೂ ಹೊತ್ತದಿದ್ದರೆ ಮಾತ್ರ ನಾಝಲ್ ಪೈಪಿನ ನಟ್ಟುಗಳು. ನೊರೆ ಹೋಗಿ ತಿಳಿ ಡೀಸೆಲ್ ಬರುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಹ್ಯಾಂಡ್ ಪಂಪಿನ ಹಿಡಿ ತಿರುಗಿಸಿ ಮುಚ್ಚದಿದ್ದರೆ ಅಲ್ಲಿಂದಲೇ ಗಾಳಿ ಮತ್ತೆ ಸೇರುತ್ತದೆ. ಹೊತ್ತಿದ ಎಂಜಿನ್ನನ್ನು ಕಾಲು ಗಂಟೆ ಐಡ್ಲಿಂಗ್‌ನಲ್ಲಿ ಬಿಟ್ಟು, ಒಮ್ಮೆ ರೇಸ್ ಕೊಟ್ಟು, ಕೀಲುಗಳನ್ನೆಲ್ಲ ಬಟ್ಟೆಯಿಂದ ಒರೆಸಿ ನೋಡಿದ ಮೇಲೆ ಮೆಕ್ಯಾನಿಕ್ ಬಾನೆಟ್ ಮುಚ್ಚಿದ. ಅಷ್ಟರಲ್ಲಿ ಲಾರಿಗಳ ಹೊತ್ತು ಮೀರಿತ್ತು. ಡ್ರೈವರ್ ರಾತ್ರಿಯವರೆಗೆ ಕಾಯುವುದೇ ಆಯಿತು.